ಅರವತ್ತೆಂಟನೇ ನಂಬರಿನ ತಲೆ

ಸೂರ್ಯ ಇನ್ನೂ ವಾಸಾಚ್ ಬೆಟ್ಟದ ಆಚೆಗೇ ಇದ್ದಾನೆ. ಅಮೆರಿಕದ ವೆಸ್ಟ್ ವ್ಯಾಲಿ ಎಂಬ ಊರಿನ ಏರುಬೀದಿಯಲ್ಲಿ ಹಳೆಯ ಪಿಕಪ್ ಗಾಡಿಯೊಂದು ಎಂಜಿನ್ನಿನ ಸದ್ದಿಲ್ಲದೆ ಮೇಲಕ್ಕೆ ಹತ್ತುತ್ತಿದೆ. ಸ್ಟೀರಿಂಗ್ ಹಿಡಿದು ಕೂತವರು ಎಪ್ಪತ್ತು ದಾಟಿದ ಲುಸೆಯಾನೆ. ಹಿಂದಿನಿಂದ ತಳ್ಳುತ್ತಿರುವವನು ಅವರ ತಮ್ಮನ ಮಗ ಹನಿತೇಲಿ ಲೋಲೊಹೆಯ. ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು, ಎರಡೂ ಅಂಗೈಗಳನ್ನು ಗಾಡಿಗೆ ಒತ್ತಿ, ಸಣ್ಣ ಸಣ್ಣ ಹೆಜ್ಜೆ ಇಡುತ್ತಾನೆ. ನೂರೈವತ್ತು ಕೆಜಿಯ ಆಳು. ಉಸಿರು ಹಬೆಯಂತೆ ಏಳುತ್ತದೆ.

"ಏನೋ ಎತ್ತೇ, ಕಾಲಲ್ಲಿ ಗೆಣಸು ಬೆಳೆದಿದೆಯಾ? ಟೀವಿಯಲ್ಲಿ ಲೋಕವೇ ನೋಡುತ್ತಂತೆ ನಿನ್ನ. ಒಂದು ಡಬ್ಬಾ ಗಾಡಿ ಹತ್ತಿಸೋಕಾಗಲ್ವಾ?"

"ಅತ್ತೆ, ಬ್ರೇಕ್ ಮೇಲಿಂದ ಕಾಲು ತೆಗೀರಿ."

"ಇಟ್ಟಿದ್ನಾ? ಹಂಗಾದ್ರೆ ಇಷ್ಟೊತ್ತೂ ಚೆನ್ನಾಗೇ ತಳ್ಳಿದೀಯ ಬಿಡು."

ಗಾಡಿ ಕೆಟ್ಟು ಮೂರು ವರ್ಷವಾಗಿದೆ. ದಿಬ್ಬದ ತುದಿಯವರೆಗೆ ಹನಿತೇಲಿ ತಳ್ಳುತ್ತಾನೆ. ಅಲ್ಲಿಂದ ಅತ್ತೆ ಇಳಿಜಾರಿನಲ್ಲಿ ಚರ್ಚಿನ ಅಡುಗೆಮನೆಯವರೆಗೆ ಜಾರಿಸಿಕೊಂಡು ಹೋಗುತ್ತಾರೆ. ಆಟವಿಲ್ಲದ ತಿಂಗಳುಗಳಲ್ಲಿ ಅವನಿಗೆ ಇದು ಕಸರತ್ತು, ಅವರಿಗೆ ಸವಾರಿ. ತುದಿ ಮುಟ್ಟಿದಾಗ ಅವನು ಬೆವರು ಒರೆಸಿಕೊಂಡು ಕೇಳುತ್ತಾನೆ: "ಅತ್ತೆ, ನಾವು ಎಲ್ಲಿಗೆ ಹೊರಟಿದ್ದು?"

ತಮಾಷೆಗೆ ಕೇಳಿದ್ದಲ್ಲ. ಈ ಬೆಳಗ್ಗೆ ಇದು ಎರಡನೆಯ ಸಲ. ಅತ್ತೆ ನಗುವುದಿಲ್ಲ.

ಅಮೆರಿಕನ್ ಫುಟ್‌ಬಾಲ್ ನೋಡುವವರು ನೋಡುವುದು ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಚೆಂಡು ಎಸೆಯುವವನನ್ನು. ಹನಿತೇಲಿಯ ತಂಡದಲ್ಲಿ ಆ ಜಾಗದಲ್ಲಿರುವವನ ಹೆಸರು ಇಲ್ಲಿ ಬೇಡ, ಅದು ಈಗಾಗಲೇ ಸಾಕಷ್ಟು ಕಡೆ ಇದೆ. ಅವನು ಎಸೆಯುವಷ್ಟು ಹೊತ್ತು ಎದುರಾಳಿಗಳು ಅವನ ಮೈಮೇಲೆ ಬೀಳದಂತೆ ಮುಂದೆ ಐದು ಜನ ಗೋಡೆಯಾಗಿ ನಿಲ್ಲುತ್ತಾರೆ. ಆ ಗೋಡೆಯ ಎಡಭಾಗದ ಒಂದು ಕಲ್ಲು ಹನಿತೇಲಿ. ಹನ್ನೊಂದು ಸೀಸನ್ ನಿಂತಿದ್ದಾನೆ. ಒಂದು ಆಟದಲ್ಲಿ ಅರವತ್ತು, ಎಪ್ಪತ್ತು ಡಿಕ್ಕಿ. ಗೋಡೆಯವನು ಚೆಂಡು ಹಿಡಿದು ಓಡುವಂತಿಲ್ಲ. ಸರಿಯಾಗಿ ಕೆಲಸ ಮಾಡಿದರೆ ಯಾರಿಗೂ ಕಾಣುವುದಿಲ್ಲ. ತಪ್ಪು ಮಾಡಿದ ದಿನ ಮಾತ್ರ ರೆಫರಿ ಮೈಕಿನಲ್ಲಿ ಇಡೀ ಮೈದಾನಕ್ಕೆ ಸಾರುತ್ತಾನೆ: ಅರವತ್ತೆಂಟನೇ ನಂಬರ್, ಎದುರಾಳಿಯನ್ನು ಹಿಡಿದದ್ದಕ್ಕೆ ದಂಡ. ಹೆಸರು ಆಗಲೂ ಇಲ್ಲ.

"ನಂಬರ್ ಆದ್ರೂ ಸರಿಯಾಗಿ ಹೇಳ್ತಾರಲ್ಲ" ಎನ್ನುತ್ತಾನೆ ಹನಿತೇಲಿ. "ನನ್ನ ಹೆಸರು ಹೇಳೋಕೆ ಹೋದವರ ನಾಲಿಗೆ ನೋಡಿದ್ರೆ ಪಾಪ ಅನ್ಸುತ್ತೆ."

ಅವನಿಗೆ ಪಾಪ ಅನಿಸಬಹುದು. ಇದೇ ಬೀದಿಗಳಲ್ಲಿದ್ದು ಅವನ ಬಗ್ಗೆ ಬರೆಯುತ್ತಿರುವ ನನಗೆ ಅನಿಸುವುದಿಲ್ಲ.

ಹನಿತೇಲಿ ಹುಟ್ಟಿದ್ದು ಸಾಗರದಾಚೆಯ ಪುಟ್ಟ ದೇಶ ಟೋಂಗಾದ ಹಾಅಪೈ ದ್ವೀಪಗಳಲ್ಲಿ. ಅಪ್ಪ ಮೀನಿಗೆ ಹೋದವನು ಒಂದು ಬಿರುಗಾಳಿಯ ದಿನ ಮರಳಲಿಲ್ಲ. ಇಲ್ಲಿ ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುತ್ತಿದ್ದ ಲುಸೆಯಾನೆ ಹದಿನೈದರ ಹುಡುಗನನ್ನು ಕರೆಸಿಕೊಂಡರು. ಶಾಲೆಗೆ ಸೇರಿದ ವಾರವೇ ಅಲ್ಲಿಯವರು ಅವನನ್ನು ಓದಿನ ತರಗತಿಯಿಂದ ಎಬ್ಬಿಸಿ ಭಾರ ಎತ್ತುವ ಕೋಣೆಗೆ ಕಳಿಸಿದರು. ಆ ಹುಡುಗನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಭುಜ ಬರುತ್ತಿತ್ತು. ಹೆಂಡತಿ ವಿಕಾ ವೃದ್ಧಾಶ್ರಮದಲ್ಲಿ ದಾದಿ. ಅವಳ ಮಾತಿನಲ್ಲಿ ಅಡ್ಡಗೋಡೆ ಇಲ್ಲ. "ಇವರಿಗೆ ಅವರು ಓದೋಕೆ ಕಲಿಸಿದ್ದು ಒಂದೇ, ಎದುರಿಗೆ ನಿಂತವನ ಕಾಲು."

ನಮ್ಮ ಬೀದಿಗಳಿಗೆ ತಂಡಗಳ ಪರವಾಗಿ ಆಳು ಹುಡುಕುವವರು ಬರುತ್ತಲೇ ಇರುತ್ತಾರೆ. ಹೋದ ವರ್ಷ ಒಂದು ಸಾವಿನ ಮನೆಗೂ ಒಬ್ಬ ಬಂದಿದ್ದ. ಕಪ್ಪು ಬಟ್ಟೆ ತೊಟ್ಟು, ಟೋಂಗಾದ ರೂಢಿಯಂತೆ ಸೊಂಟಕ್ಕೆ ಶೋಕದ ಚಾಪೆ ಸುತ್ತಿಕೊಂಡು ಅಳುತ್ತಿದ್ದ ಹುಡುಗರ ಅಂಗೈ ಎಷ್ಟು ಅಗಲವೆಂದು ನೋಡುತ್ತಿದ್ದ. ದನದ ಸಂತೆಯಲ್ಲಿ ಹಲ್ಲು ನೋಡುವವರಿಗೆ ಇದಕ್ಕಿಂತ ಹೆಚ್ಚು ನಾಚಿಕೆ ಇರುತ್ತದೆ. ಟೀವಿಯಲ್ಲಿ ಮಾತಾಡುವವರೋ, ಪ್ರತಿ ಭಾನುವಾರ ಅದೇ ರಾಗ: ಇವರು ಹುಟ್ಟಾ ಯೋಧರು, ನೋವೆಂಬುದೇ ಇವರಿಗೆ ಗೊತ್ತಿಲ್ಲ, ರಕ್ತದಲ್ಲೇ ಬಂದದ್ದು. ಯಾರ ರಕ್ತದಲ್ಲೂ ತಲೆ ಒಡೆಸಿಕೊಳ್ಳುವ ಗುಣ ಇರುವುದಿಲ್ಲ ಸ್ವಾಮಿ. ಬೇರೆ ಬಾಗಿಲುಗಳನ್ನೆಲ್ಲ ಮುಚ್ಚಿ ಒಂದನ್ನು ಮಾತ್ರ ತೆರೆದಿಟ್ಟು, ಒಳಗೆ ಬಂದವನಿಗೆ ಇದು ನಿನ್ನ ಹುಟ್ಟುಗುಣ ಎನ್ನುವುದು ಶುದ್ಧ ವಂಚನೆ.

ಇವರಿಗೆ ನೋವು ಗೊತ್ತಿಲ್ಲವೆಂದು ಹೇಳಿದವರಾರು? ಇಲ್ಲೇ ಒಂದು ಪದದ ಕಥೆ ಬರುತ್ತದೆ.

ಟೋಂಗಾದವರನ್ನು ಹೇಗಿದ್ದೀರಿ ಎಂದು ಕೇಳಿ. "ಸಾಯ್ ಪೇ" ಎನ್ನುತ್ತಾರೆ. ಪರವಾಗಿಲ್ಲ, ಚೆನ್ನಾಗೇ ಇದ್ದೀನಿ ಎಂದು ಅರ್ಥ. ಜ್ವರವಿದ್ದರೂ ಸಾಯ್ ಪೇ, ಮನೆಯ ಮಾಡು ಹಾರಿಹೋಗಿದ್ದರೂ ಸಾಯ್ ಪೇ. ಹಿರಿಯರ ಮೇಲೆ ತನ್ನ ನೋವಿನ ಭಾರ ಹೊರಿಸುವುದು ಅಲ್ಲಿ ಮರ್ಯಾದೆಯಲ್ಲ. ಕೇಳಿದವರು ಕಣ್ಣು, ದನಿ, ನಡಿಗೆ ನೋಡಿ ತಾವೇ ನಿಜ ತಿಳಿದುಕೊಂಡು, ಸಂಜೆಗೆ ಒಂದು ಪಾತ್ರೆ ಅಡುಗೆ ಕಳಿಸಬೇಕು. ಪದಕ್ಕೆ ಜೀವ ಬರುವುದೇ ಕೇಳಿಸಿಕೊಳ್ಳುವವರಿಂದ. ಇಷ್ಟು ವರ್ಷ ಇವರ ನಡುವೆ ಇದ್ದೂ ನನ್ನ ಕನ್ನಡದ ಕಿವಿಗೆ ಆ ಪದದೊಳಗೆ ಇನ್ನೊಂದು ಪದ ಕೇಳಿಸುವುದು ತಪ್ಪಿಲ್ಲ. ಹನಿತೇಲಿಯ ವಿಷಯದಲ್ಲಂತೂ ಎರಡೂ ಅರ್ಥ ಒಂದೇ ಆಗುತ್ತ ಬಂತು.

ನಾಲ್ಕು ಸೀಸನ್ ಹಿಂದೆ ಒಂದು ಡಿಕ್ಕಿಯಾದ ಮೇಲೆ ಅವನು ಎದ್ದು, ನೇರ ನಡೆದು, ಎದುರಾಳಿ ತಂಡದವರ ನಡುವೆ ಹೋಗಿ ನಿಂತ. ಪ್ರೇಕ್ಷಕರು ನಕ್ಕರು. ಟೀವಿಯವರು ಆ ತುಣುಕನ್ನು ಮತ್ತೆ ಮತ್ತೆ ಹಾಕಿದರು. ತಂಡದ ವೈದ್ಯ ಓಡಿ ಬಂದು ಕೇಳಿದ: ಸರಿ ಇದ್ದೀಯಾ? ಹನಿತೇಲಿ ತಲೆ ತಗ್ಗಿಸಿ, ಕೈ ಕಟ್ಟಿ, ತನಗಿಂತ ಹಿರಿಯನೊಬ್ಬನಿಗೆ ಕೊಡಬೇಕಾದ ಉತ್ತರ ಕೊಟ್ಟ. ಸಾಯ್ ಪೇ. ವೈದ್ಯನಿಗೆ ಬೇಕಾದದ್ದೂ ಅದೇ ಆಗಿತ್ತು. ಮುಂದಿನ ಆಟಕ್ಕೆ ಗೋಡೆಯಲ್ಲಿ ಕಲ್ಲು ಬೇಕಲ್ಲ. ಹೀಗೆ ಹನ್ನೊಂದು ಸೀಸನ್ ಒಬ್ಬ ಮರ್ಯಾದೆಯಿಂದ ಸುಳ್ಳು ಹೇಳಿದ, ಇನ್ನೊಬ್ಬ ಸೌಕರ್ಯಕ್ಕೆ ಅದನ್ನು ನಂಬಿದ. ಇವನ ತಪ್ಪನ್ನು ಮುಗ್ಧತೆ ಎನ್ನಬಹುದು. ಅವನದಕ್ಕೆ ಬೇರೆ ಹೆಸರಿದೆ.

ಈಗ ಮನೆಯಲ್ಲಿ ವಿಕಾ ಒಲೆಯ ತಿರುಗಣಿ ಕಿತ್ತಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಾಳೆ. ಹೋದ ತಿಂಗಳು ಹಾಲು ತರಲು ಹೋದವನು ಪಕ್ಕದ ಬೀದಿಯ ಯಾರದೋ ಮನೆಯ ಸೋಫಾದಲ್ಲಿ ಕೂತಿದ್ದ. ಆ ಮನೆಯವರು ಟೋಂಗಾದವರೇ. ಊಟ ಹಾಕಿ, ಕೈಗೆ ಹಾಲು ಕೊಟ್ಟು, ಮನೆ ಮುಟ್ಟಿಸಿ, ಏನೂ ಆಗದವರಂತೆ ಹೊರಟುಹೋದರು.

"ಬೆಳಕು ಚುಚ್ಚುತ್ತೆ" ಎನ್ನುತ್ತಾನೆ ಹನಿತೇಲಿ. "ಬಾಯಲ್ಲಿರೋ ಮಾತು ಹೊರಗೆ ಬರೋದ್ರೊಳಗೆ ಇನ್ಯಾರದ್ದೋ ಆಗಿರುತ್ತೆ. ಆದ್ರೂ..." ಮುಂದಿನ ಪದ ಏನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು.

"ಹೇಳಿ ನೋಡು" ಎನ್ನುತ್ತಾರೆ ಅತ್ತೆ ಮೂಲೆಯಿಂದ. "ಆ ಪದ ಇನ್ನೊಂದ್ಸಲ ಈ ಮನೇಲಿ ಬಂತೋ, ಚಪ್ಪಲಿ ಕೈಗೆ ಬರುತ್ತೆ."

ಬರುವ ಮಂಗಳವಾರ, ಹೊಸ ಸೀಸನ್ನಿಗೆ ಮೊದಲು, ತಂಡದ ವೈದ್ಯಕೀಯ ತಪಾಸಣೆ. ವೈದ್ಯ ಅದೇ ಪ್ರಶ್ನೆ ಕೇಳುತ್ತಾನೆ. ಹಳೆಯ ಉತ್ತರ ಕೊಟ್ಟರೆ ಹನಿತೇಲಿ ಮತ್ತೆ ಗೋಡೆ. ನಿಜ ಹೇಳಿದರೆ ಕೆಲಸ ಹೋಯಿತು, ಉಳಿದಷ್ಟು ತಲೆ ಉಳಿಯಿತು. ಲೆಕ್ಕ ಸುಲಭ. ಹೇಳುವುದು ಸುಲಭವಲ್ಲ, ಏಕೆಂದರೆ ಆ ವಾಕ್ಯವನ್ನು ಅವನ ಬಾಯಿ ಹುಟ್ಟಿದಾರಭ್ಯ ಆಡಿಲ್ಲ.

"ಅವನಿಗೆ ಕಲಿಸಿದೋಳು ನಾನೇ" ಎನ್ನುತ್ತಾರೆ ಲುಸೆಯಾನೆ. "ಅಪ್ಪ ಹೋದ ಹುಡುಗ, ರಾತ್ರಿ ಎಲ್ಲಾ ಅಳ್ತಿದ್ದ. ಯಾರಾದ್ರೂ ಕೇಳಿದ್ರೆ ಸಾಯ್ ಪೇ ಅನ್ನು ಮಗಾ, ಜನಕ್ಕೆ ತೊಂದ್ರೆ ಕೊಡ್ಬೇಡ ಅಂದೆ. ಇಷ್ಟು ಚೆನ್ನಾಗಿ ಕಲೀತಾನೆ ಅಂತ ಯಾರಿಗೆ ಗೊತ್ತಿತ್ತು? ನಾನೇ ಬಿಡಿಸ್ಬೇಕು." ಟೋಂಗಾದ ಮನೆಯಲ್ಲಿ ಸೋದರತ್ತೆಯ ಮಾತಿಗೆ ಮೇಲ್ಮನವಿ ಇಲ್ಲ. ಅಪ್ಪನೂ ತಲೆಬಾಗುವುದು ಅವಳಿಗೇ.

ಹಾಗಾಗಿ ಮಂಗಳವಾರದ ತಪಾಸಣೆಗೆ ಅತ್ತೆಯೂ ಹೊರಡುತ್ತಾರೆ. ಎರಡು ಹಗಲಿನ ಹಾದಿ, ಕಾರು ವಿಕಾಳದು. ಅಲ್ಲಿ ನಡೆದದ್ದನ್ನು ವಾಪಸು ಬಂದ ಮೇಲೆ ಅತ್ತೆ ಹೇಳುತ್ತಾರೆ, ಉತ್ಪ್ರೇಕ್ಷೆಯಾದಲ್ಲಿ ವಿಕಾ ತಿದ್ದುತ್ತಾಳೆ. ಈ ಭಾಗವನ್ನು ಅವಳು ತಿದ್ದಲಿಲ್ಲ.

ಕೋಣೆಯಲ್ಲಿದ್ದದ್ದು ರೋಗಿ ಕೂರುವ ಎತ್ತರದ ಮಂಚ ಮತ್ತು ವೈದ್ಯನ ತಿರುಗುವ ಸ್ಟೂಲು. ಮಂಚ ಹತ್ತು ಎಂದ ವೈದ್ಯ. ಹನಿತೇಲಿ ಹತ್ತಲಿಲ್ಲ. ಅತ್ತೆ ನಿಂತಿರುವಾಗ, ಅವರಿಗಿಂತ ಎತ್ತರದಲ್ಲಿ ತಮ್ಮನ ಮಗ ಕೂರುವುದುಂಟೆ? ಲುಸೆಯಾನೆ ಎರಡು ಕ್ಷಣ ನೋಡಿದರು. ಸ್ಟೂಲಿನ ಮೇಲೆ ಕಾಲಿಟ್ಟು, ತಾವೇ ಮಂಚ ಹತ್ತಿ, ಹಾಸಿದ್ದ ಕಾಗದ ಪರಪರ ಎನ್ನುತ್ತಿರಲು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹನಿತೇಲಿ ಅವರ ಪಾದದ ಬಳಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ.

"ಆ ಡಾಕ್ಟ್ರು ಸುತ್ತ ನೋಡ್ದ. ಸ್ಟೂಲ್ ಮೇಲೆ ಕೂತ್ರೆ ಇವನ ಮುಖ ಕಾಣಲ್ಲ. ಕೊನೆಗೆ ಕೋಟು ಮಡಿಸ್ಕೊಂಡು ಮಂಡಿ ಊರ್ದ. ಹನ್ನೊಂದು ವರ್ಷದಲ್ಲಿ ಮೊದಲ್ನೇ ಸಲ ಇವನ ಕಣ್ಣು ನೋಡಿರ್ಬೇಕು, ಯಾಕಂದ್ರೆ ಇವನು ಯಾವಾಗ್ಲೂ ನೆಲ ನೋಡ್ತಾನಲ್ಲ, ಆವತ್ತು ಡಾಕ್ಟ್ರೇ ನೆಲದಲ್ಲಿದ್ದ" ಎನ್ನುತ್ತಾರೆ ಲುಸೆಯಾನೆ.

"ಏನು ಪೈಲ್ವಾನ್, ಎಲ್ಲಾ ಸರಿ ಇದೆಯಾ?" ಎಂದು ಕೇಳಿದ ವೈದ್ಯ.

"ಸಾಯ್" ಎಂದು ಶುರು ಮಾಡಿದ ಹನಿತೇಲಿ. ಮೇಲಿನಿಂದ ಅತ್ತೆ ಚಪ್ಪಲಿಯ ತುದಿಯಿಂದ ಅವನ ಬೆನ್ನಿಗೆ ಮೆಲ್ಲನೆ ತಿವಿದರು. ಪದ ಅಲ್ಲಿಗೇ ತುಂಡಾಯಿತು. ಹಣೆಯಲ್ಲಿ ಬೆವರು. ಗಾಡಿಯನ್ನು ದಿಬ್ಬ ಹತ್ತಿಸುವಾಗಲೂ ಅವನು ಅಷ್ಟು ಬೆವರಿದ್ದಿಲ್ಲವಂತೆ.

"ಇಲ್ಲ" ಎಂದ. "ತಲೆ ನೋಯುತ್ತೆ. ದಿನಾ ನೋಯುತ್ತೆ. ಮನೆ ದಾರಿ ಮರ್ತುಹೋಗುತ್ತೆ."

ಹೋದ ವರ್ಷ ಚೆನ್ನಾಗಿದ್ದೀನಿ ಅಂದಿದ್ದೆಯಲ್ಲ ಎಂದ ವೈದ್ಯ. "ಹೋದ ವರ್ಷ ನೀವು ನಿಂತ್ಕೊಂಡು ಕೇಳಿದ್ರಿ" ಎಂದರು ಮಂಚದ ಮೇಲಿನ ಮುದುಕಿ.

ವಾರದೊಳಗೆ ತಂಡ ಅವನನ್ನು ಕೈಬಿಟ್ಟಿತು. ವೈಯಕ್ತಿಕ ಕಾರಣಗಳಿಂದ ನಿವೃತ್ತಿ ಎಂದು ಒಂದು ಸಾಲಿನ ಪ್ರಕಟಣೆ ಬಂತು. ತಲೆಯ ಮಾತು ಅದರಲ್ಲಿ ಇಲ್ಲ. ಹೆಸರಿನಲ್ಲಿ ಒಂದು ಅಕ್ಷರ ತಪ್ಪು. ಹನ್ನೊಂದು ವರ್ಷ ದುಡಿದವನನ್ನು ಕಳಿಸಿಕೊಡುವಾಗಲಾದರೂ ಯಾರೋ ಒಬ್ಬ ಕೂತು ಆ ಹೆಸರನ್ನು ಸರಿಯಾಗಿ ಓದಬಹುದಿತ್ತು. ಅದಕ್ಕೂ ಪುರುಸೊತ್ತಿಲ್ಲದವರು ಮರುದಿನವೇ ಇನ್ನೊಬ್ಬನನ್ನು ಆ ಜಾಗಕ್ಕೆ ತಂದರು. ಇಪ್ಪತ್ತೆರಡರವನು. ಟೋಂಗಾದ ನೆರೆಯ ದ್ವೀಪದೇಶ ಸಮೋವಾದಲ್ಲಿ ಹುಟ್ಟಿದವನು. ಅವನೂ ತಲೆ ತಗ್ಗಿಸಿಯೇ ಮಾತಾಡುತ್ತಾನೆಂದು ಪತ್ರಿಕೆಯೊಂದು ಮೆಚ್ಚಿ ಬರೆದಿದೆ. ಎಷ್ಟು ವಿನಯವಂತ, ಏನೂ ದೂರುವುದಿಲ್ಲವಂತೆ.

ಆಗಸ್ಟಿನ ಒಂದು ಬೆಳಗ್ಗೆ ಗಾಡಿ ಮತ್ತೆ ದಿಬ್ಬ ಹತ್ತುತ್ತಿದೆ. ಅಲ್ಲಿ ತಂಡದವರು ಹನಿತೇಲಿ ಇಲ್ಲದೆ ಕಸರತ್ತು ಶುರು ಮಾಡಿರುವ ಹೊತ್ತು. ಗಾಡಿ ರಿಪೇರಿ ಯಾಕೆ ಮಾಡಿಸುವುದಿಲ್ಲ ಎಂದರೆ ಅತ್ತೆ ದನಿ ತಗ್ಗಿಸುತ್ತಾರೆ. "ಗಾಡಿಗೇನಾಗಿದೆ? ಹೋದ ವರ್ಷವೇ ಸರಿ ಮಾಡಿಸ್ದೆ. ಸುಮ್ನಿರಿ, ಅವನಿಗೆ ಗೊತ್ತಿಲ್ಲ." ತುದಿಯಲ್ಲಿ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಾರೆ: "ಏ ಎತ್ತೇ, ಮನೆ ಯಾವ ಕಡೆಗೋ?"

ಹನಿತೇಲಿ ನಿಂತು, ಬೆಟ್ಟ ನೋಡಿ, ಬೀದಿ ನೋಡಿ, ಕೈ ತೋರಿಸುತ್ತಾನೆ. ಇವತ್ತು ಸರಿಯಾಗಿದೆ. ಅತ್ತೆ ಬ್ರೇಕು ಬಿಟ್ಟು ಇಳಿಜಾರಿನಲ್ಲಿ ಮಾಯವಾಗುತ್ತಾರೆ.

ರಸ್ತೆಯ ಅಂಚಿನಲ್ಲಿ ಕೂತು ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಾನೆ. ಮೂರು ಬೆರಳು ನೆಟ್ಟಗಾಗುವುದಿಲ್ಲ. "ಅವನ ಮಂಡಿ ನೋಡಿದೀರಾ, ಆ ಚೆಂಡು ಎಸೆಯೋನದು? ಒಂದು ಕಲೆ ಇಲ್ಲ. ನನ್ನ ಕಡೆಯಿಂದ ದಾಟಿ ಹೋದೋರು ಬಹಳ ಕಮ್ಮಿ" ಎನ್ನುತ್ತಾನೆ. ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಹೊರಡುವಾಗ ಅಭ್ಯಾಸಬಲದಿಂದ ಕೇಳಿಬಿಡುತ್ತೇನೆ: ಹೇಗಿದ್ದೀಯ ಹನಿತೇಲಿ?

ಅತ್ತೆ ಹೋದ ದಿಕ್ಕನ್ನು ಒಮ್ಮೆ ನೋಡುತ್ತಾನೆ. ಅಲ್ಲಿ ಯಾರೂ ಇಲ್ಲ.

"ತಲೆ ನೋಯ್ತಾ ಇದೆ" ಎನ್ನುತ್ತಾನೆ, ಒಂದೊಂದೇ ಪದ ಇಟ್ಟು. "ಇದನ್ನೇ ಬರೀರಿ. ಆ ಸಮೋವಾ ಹುಡುಗ ಓದೋ ಹಂಗೆ ಬರೀರಿ."