ಪಾರ್ಸಲ್ ಕಟ್ಟದ ಖಾನಾವಳಿ

"ಅತ್ತೆ, ಜರ್ಮನಿಯಲ್ಲಿ ಕೆಲಸಗಾರರನ್ನ ಮನೇಲಿ ಕೂರಿಸಿ, ಸಂಬಳದ ದೊಡ್ಡ ಪಾಲು ಸರ್ಕಾರವೇ ಕೊಡ್ತಿದೆಯಂತೆ!" ಎಂದು ನಾನು ಮೊಬೈಲ್ ಹಿಡಿದು ಅಡುಗೆಮನೆಗೆ ಓಡಿದೆ. ಅತ್ತೆ ಶೇಂಗಾ ಹುರಿಯುತ್ತಿದ್ದರು. ತಿರುಗಿಯೂ ನೋಡದೆ, "ರೊಟ್ಟಿ ಬಡಿಯೋರಿಗೂ ಕೊಟ್ಟಾರೇನ?" ಎಂದರು.

ಅದು ಕೊರೊನಾದ ಎರಡನೇ ಅಲೆ. ವಿಜಯನಗರ ಬಡಾವಣೆಯ ನಮ್ಮ ಖಾನಾವಳಿಯ ಶಟರ್ ಮತ್ತೆ ಇಳಿದಿತ್ತು. ನನಗೆ ಲೋಕದ ಸುದ್ದಿಯ ಹುಚ್ಚು ಹಿಡಿದದ್ದೂ ಆಗಲೇ. ಬ್ಯಾಡರಹಳ್ಳಿಯ ಮುದ್ದೆ ಉಣ್ಣುವ ಮನೆಯಿಂದ ಬಾಗಲಕೋಟೆ ಕಡೆಯವರ ರೊಟ್ಟಿ ಮನೆಗೆ ಸೊಸೆಯಾಗಿ ಬಂದವಳು ನಾನು. ನಾನು ಬಡಿದ ರೊಟ್ಟಿಯನ್ನು ಗಿರಾಕಿಯ ತಟ್ಟೆಗೆ ಹಾಕಲು ಅತ್ತೆಗೆ ಧೈರ್ಯವಿರಲಿಲ್ಲ. ಹಾಗಾಗಿ ಸುದ್ದಿಯನ್ನಾದರೂ ಬಡಿಸೋಣ ಎಂದು ಕೂತಿದ್ದೆ. ನ್ಯೂಜಿಲೆಂಡ್ ಗಡಿ ಮುಚ್ಚಿಕೊಂಡು ಒಳಗೆ ಹಾಯಾಗಿದೆ, ಸ್ವೀಡನ್ನಿನವರು ಚಿಕ್ಕಮಕ್ಕಳ ಶಾಲೆಯನ್ನೇ ಮುಚ್ಚಲಿಲ್ಲ, ಅಮೆರಿಕದವರು ಮನೆಗೇ ಚೆಕ್ ಕಳಿಸಿದರು ಎಂದು ಕ್ರಿಕೆಟ್ ಸ್ಕೋರ್ ಕೂಗುವವಳಂತೆ ಕೂಗುತ್ತಿದ್ದೆ.

ಇಂಗ್ಲೆಂಡಿನ ಸುದ್ದಿ ಕೇಳಿದಾಗ ಮಾತ್ರ ಅತ್ತೆಯ ಕೈ ನಿಂತಿತು. ಹಿಂದಿನ ವರ್ಷ ಅಲ್ಲಿ ಹೋಟೆಲಿನಲ್ಲಿ ಕೂತು ಉಂಡರೆ ಬಿಲ್ಲಿನ ಅರ್ಧ ಸರ್ಕಾರವೇ ಕಟ್ಟಿತ್ತು. "ಭಲೇ!" ಎಂದರು ಅತ್ತೆ. ಹಾಗೆ ಕೂಡಿ ಉಂಡದ್ದರಿಂದಲೇ ರೋಗ ಹಬ್ಬಿತು ಎಂದು ಕೆಲವರು ಆಮೇಲೆ ಬೈದದ್ದನ್ನೂ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಹಂಗಾರ ಉಣಿಸಿದ್ರ ರೋಗ, ಉಣಿಸದಿದ್ರ ಹಸಿವು," ಎಂದು ಮತ್ತೆ ಬಾಣಲೆಯ ಕಡೆ ತಿರುಗಿದರು.

ಅವರ ಚಿಂತೆಯೆಲ್ಲ ನಮ್ಮಲ್ಲಿ ರೊಟ್ಟಿ ಬಡಿಯುತ್ತಿದ್ದ ನಾಲ್ವರು ಹೆಂಗಸರದ್ದು. ಮೊದಲ ಸಲ ಮುಚ್ಚಿದಾಗ ಅತ್ತೆ ತಮ್ಮ ಗಂಟು ಬಿಚ್ಚಿ ಅವರ ಒಲೆ ಆರದಂತೆ ನೋಡಿಕೊಂಡಿದ್ದರು. ಈ ಸಲ ಗಂಟೇ ಕರಗಿತ್ತು. ಪಾರ್ಸಲ್ ಕೊಡಲು ಅನುಮತಿ ಇತ್ತು, ಸುತ್ತಲಿನ ಹೋಟೆಲುಗಳೆಲ್ಲ ಕೊಡುತ್ತಿದ್ದವು. ಅತ್ತೆ ಸುತರಾಂ ಒಪ್ಪಲಿಲ್ಲ.

"ಹಸ್ಕೊಂಡು ಬಂದವರ ಕೈಗೆ ಬಾಗಿಲದಾಗ ಪೊಟ್ಟಣ ತುರುಕಿ, ಹೋಗು ಅನ್ನೂದಾ? ಖಾನಾವಳಿ ಅಂದ್ರ ಕುಂದ್ರಿಸಿ, ಸಾಕು ಅನ್ನೂತನಕ ನೀಡೂದು!"

ನನಗೆ ಮೈಯೆಲ್ಲ ಉರಿಯುತ್ತಿತ್ತು. ದೇಶದೇಶಗಳೇ ದಿನಕ್ಕೊಂದು ನಿಯಮ ಬದಲಾಯಿಸುತ್ತಿರುವಾಗ ಇವರದೊಂದು ಬೇರೆ ಸಂವಿಧಾನ! ಹಾಗಂತ ಎದುರಿಗೆ ಹೇಳುವ ಗಂಡಸು ಹೆಂಗಸು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಆ ನಾಲ್ವರಲ್ಲಿ ಹಿರಿಯಾಕೆ ಹೇರೋಹಳ್ಳಿಯಿಂದ ನಡೆದುಕೊಂಡೇ ಬಂದು ಹಿತ್ತಿಲ ಬಾಗಿಲಲ್ಲಿ ನಿಂತಳು. ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡಿದ್ದಳು. "ಅಕ್ಕಾರ, ಊರಿಗೆ ಹೊಂಟೀವಿ. ಬಾಡಿಗಿ ಮನಿ ಬಿಟ್ಟುಬಿಡ್ತೀವಿ," ಎಂದಳು. ಆಕೆ ಹೋದರೆ ಉಳಿದ ಮೂವರೂ ಹಿಂದೆಯೇ ಹೊರಡುವವರು. ನಾಳೆ ಸರ್ಕಾರ ಬಾಗಿಲು ತೆಗೆ ಅಂದರೂ ರೊಟ್ಟಿ ಬಡಿಯುವವರಿಲ್ಲದೆ ಖಾನಾವಳಿ ಎಲ್ಲಿಯದು?

ಅತ್ತೆ ಇರು ಎನ್ನಲಿಲ್ಲ. ಯಾವ ಬಾಯಿಂದ ಅಂದಾರು? ಬಿಳಿ ಬಟ್ಟೆ ಹಾಸಿ, ಖಡಕ್ ರೊಟ್ಟಿ ಪೇರಿಸಿ, ಮೇಲೊಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಟ್ಟು ಬುತ್ತಿ ಕಟ್ಟತೊಡಗಿದರು. ದೂರ ಹೋಗುವವರನ್ನು ಬರಿಗೈಲಿ ಕಳಿಸುವುದು ಆ ಮನೆಯಲ್ಲಿಲ್ಲ. ನೋಡುತ್ತ ನಿಂತಿದ್ದ ನನ್ನ ಬಾಯಿಂದ ಮಾತು ಜಾರಿತು.

"ಅತ್ತೆ, ಇದೂ ಪಾರ್ಸಲ್ ಅಲ್ವಾ?"

"ಬಾಯಿ ಮುಚ್ಚು! ಬುತ್ತಿಗೆ ಪಾರ್ಸಲ್ ಅಂತಾರೇನ? ಮುಂದ ದಾರಿ ನಡಿಯೋ ಮಂದಿಗೆ ಕಟ್ಟೂದು ಇದು..."

ಗಂಟು ಬಿಗಿಯುತ್ತಿದ್ದ ಕೈ ಅಲ್ಲೇ ನಿಂತಿತು. ಅತ್ತೆ ನನ್ನನ್ನೊಮ್ಮೆ, ಬುತ್ತಿಯನ್ನೊಮ್ಮೆ ನೋಡಿದರು.

"ಈಗ ಎಲ್ಲಾರೂ ದಾರ್‍ಯಾಗ ಅದಾರಲ್ಲ. ಈ ರೋಗ ದಾಟಬೇಕಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಹಿರಿಯಾಕೆಯ ಕಡೆ ತಿರುಗಿ, "ನೀ ಊರಿಗೆ ಹೋಗೂದಿಲ್ಲ. ಜರ್ಮನಿಯಾಗ ಮನ್ಯಾಗ ಕುಂದ್ರಿಸಿ ಪಗಾರ ಕೊಡ್ತಾರಂತ. ನನಗ ಅಷ್ಟು ತಾಕತ್ತಿಲ್ಲ. ನಿಮ್ಮ ನಿಮ್ಮ ಮನ್ಯಾಗ ಕುಂತು ಬಡೀರಿ. ಹಿಟ್ಟು ನಾ ಕಳಸ್ತೀನಿ. ಬುತ್ತಿ ನಾ ಕಟ್ತೀನಿ," ಎಂದರು.

ನಾನು ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ನಮ್ಮ ಖಾನಾವಳಿಗೂ ಒಂದು ನೀತಿ ಬಂದಿತ್ತು! ಸೆಕೆಯ ಕೋಣೆಯಲ್ಲಿ ಮೈಗೆ ಮೈ ತಾಗಿಸಿ ಕೂರುವುದು ತಪ್ಪಿತು, ದುಡಿಮೆಯೂ ಉಳಿಯಿತು. ಹಳೆಯ ಗಿರಾಕಿಗಳಿಗೆಲ್ಲ ನಾನೇ ಫೋನ್ ಮಾಡಿದೆ. ನನ್ನ ಗಂಡ ಸ್ಕೂಟರ್‌ಗೆ ಬುತ್ತಿ ನೇತುಹಾಕಿಕೊಂಡು ಬಸವೇಶ್ವರನಗರ, ರಾಜಾಜಿನಗರ ಸುತ್ತಿದರು. ಹೋದ ಬಟ್ಟೆಗಳು ವಾಪಸ್ ಬಂದರೆ ನಾನು ಬಾಗಿಲಲ್ಲೇ ಕುದಿಯುವ ನೀರಿಗೆ ಅದ್ದುತ್ತಿದ್ದೆ. ಆದರೆ ಬುತ್ತಿಯ ಬಟ್ಟೆಯನ್ನು ಬರಿದಾಗಿ ಕಳಿಸಬಾರದೆಂದು ತಿಳಿದ ಮಂದಿ ಅವರು. ಒಂದರಲ್ಲಿ ನಿಂಬೆಹಣ್ಣು, ಒಂದರಲ್ಲಿ ಬೆಲ್ಲ, ಒಬ್ಬರಂತೂ ಮನೆಯಲ್ಲೇ ಹೊಲಿದ ಎರಡು ಮಾಸ್ಕ್ ಇಟ್ಟಿದ್ದರು. ಜಪಾನಿನಲ್ಲಿ ಮನೆಗೆರಡು ಮಾಸ್ಕ್ ಹಂಚಲು ಸರ್ಕಾರವೇ ಬೇಕಾಯಿತು, ನಮಗೆ ಗಿರಾಕಿಗಳೇ ಸಾಕಾದರು ಎಂದು ನಾನು ಬೀಗಿದ್ದೇ ಬೀಗಿದ್ದು. ಅತ್ತೆಯೂ ನಕ್ಕರು.

ಕೂತು ಉಣ್ಣಬಹುದು ಎಂಬ ಆದೇಶ ಬಂದ ದಿನ ಅತ್ತೆ ಹೊಸ ಸೀರೆ ಉಟ್ಟು, ಹೆಂಗಸರನ್ನು ಕರೆತರಲು ನನ್ನ ಸ್ಕೂಟಿ ಹತ್ತಿದರು. ಹೇರೋಹಳ್ಳಿಯ ಗುಂಡಿಗಳಲ್ಲಿ ಇಬ್ಬರ ಸೊಂಟವೂ ಕಳಚುವಂತಾಯಿತು. ಹಿರಿಯಾಕೆಯ ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ನಮ್ಮ ನಾಲ್ವರಲ್ಲದೆ ಬೀದಿಯ ಇನ್ನಿಬ್ಬರು ಮೂಗಿಗೆ ಬಟ್ಟೆ ಕಟ್ಟಿ, ಬಾಗಿಲು ಕಿಟಕಿ ತೆರೆದಿಟ್ಟು ರೊಟ್ಟಿ ಬಡಿಯುತ್ತಿದ್ದರು. ಆ ರೊಟ್ಟಿ ನಮ್ಮ ಬುತ್ತಿಗಲ್ಲ, ದಿನಾ ಶ್ರೀಗಂಧದ ಕಾವಲಿನ ಅಂಗಡಿಗಳಿಗೆ ಹೋಗಬೇಕಂತೆ.

"ನಾಳಿಯಿಂದ ಬರ್ರಿ, ಖಾನಾವಳಿ ತೆಗೀತೀವಿ," ಎಂದರು ಅತ್ತೆ.

ಹಿರಿಯಾಕೆ ತವೆಯ ಮುಂದಿನಿಂದ ಏಳಲಿಲ್ಲ. "ಬರಾಕ ಆಗೂದಿಲ್ರಿ ಅಕ್ಕಾರ," ಎಂದಳು ತಲೆ ತಗ್ಗಿಸಿ. ನಾನು ಅತ್ತೆಯ ತೋಳು ಹಿಡಿದುಕೊಂಡೆ.

ಅತ್ತೆ ಆ ಆರು ಒಲೆಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಹೊಸಿಲ ಮೇಲೆ ಕೂತು, "ಹಂಗಾರ ನನಗ ದಿನಾ ನೂರು ರೊಟ್ಟಿ ಕೊಡ್ತಿಯೇನವಾ?" ಎಂದು ಕೇಳಿದರು.

ಹಿರಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮಗ ಇಲ್ಲ ಅಂತೀನೇನ್ರಿ? ಆದ್ರ ಹಿಂದಿನ ದಿನಾನೇ ಹೇಳಬೇಕ್ರಿ. ಲೇಟಾದ್ರ ಆಗೂದಿಲ್ಲ."

ಅತ್ತೆಗೆ ಷರತ್ತು ಹಾಕಿದವರನ್ನು ನಾನು ಕಂಡದ್ದು ಅದೇ ಮೊದಲು.

"ಆಗಲಿವಾ," ಎಂದರು ಅತ್ತೆ.