ಮೂತಿ ಲಾರಿಯ ಬರಿ ಮುಖ

ರಜೆಯ ದಿನ ನಾನು ಹಳೆಯ ಲಾರಿಗಳ ಚಿತ್ರ ತೆಗೆಯುತ್ತೇನೆ. ಎಂಜಿನ್ನು ಚಾಲಕನ ಮುಂದೆ ಉದ್ದಕ್ಕೆ ಚಾಚಿಕೊಂಡಿರುವ, ಈಗ ಹೆದ್ದಾರಿಯಲ್ಲಿ ಅಪರೂಪವಾದ ಲಾರಿಗಳು. ನಮ್ಮ ಮನೆಯಲ್ಲಿ ಅವಕ್ಕೆ ಮೂತಿ ಲಾರಿ ಎನ್ನುತ್ತೇವೆ. ಅಪ್ಪ ಪುಣೆ ಹತ್ತಿರದ ನಿಗಡಿಯ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಶಾಲೆ ಬಿಟ್ಟ ಮೇಲೆ ಅವರ ಕಚೇರಿಯ ಕಟ್ಟೆಯ ಮೇಲೆ ಕೂತು, ಬಂದು ನಿಲ್ಲುವ ಲಾರಿಗಳ ಮುಖ ನೋಡುತ್ತಿದ್ದೆ. ಯಾರೊಂದಿಗೂ ಮಾತಾಡಬೇಕಾಗಿಲ್ಲದ ಆ ಹೊತ್ತು ನನಗೆ ಹಿತವಾಗಿತ್ತು. ಸಂಖ್ಯಾಶಾಸ್ತ್ರ ಓದಿ ಕೆಲಸಕ್ಕೆ ಸೇರಿ ಕ್ಯಾಮೆರಾ ಕೊಂಡಾಗ ಮೊದಲು ನೆನಪಾದದ್ದು ಅದೇ.

ನನ್ನದೇ ಕೆಲವು ನಿಯಮಗಳಿವೆ. ಚಿತ್ರದಲ್ಲಿ ಮನುಷ್ಯರಿರಬಾರದು. ಮುಂಭಾಗ ಮತ್ತು ಒಂದು ಪಕ್ಕ ಒಟ್ಟಿಗೆ ಕಾಣಬೇಕು. ಮುಖಕ್ಕೆ ಏನೂ ಅಡ್ಡ ಇರಬಾರದು. ತಳೇಗಾಂವದ ಹತ್ತಿರ ಹೆದ್ದಾರಿಯ ಬದಿಯಲ್ಲಿ ನಿಂತರೆ ಚಾಲಕರು ಮೊದಲು ಕೇಳುವುದು ಆರ್‌ಟಿಓ ಕಚೇರಿಯವರಾ ಎಂದು. ಅಲ್ಲ, ಸುಮ್ಮನೆ ತೆಗೆಯುತ್ತೇನೆ ಎಂದರೆ ಅವರ ಅನುಮಾನ ಇನ್ನೂ ಹೆಚ್ಚುತ್ತದೆ.

ನನ್ನ ಸಂಗ್ರಹದಲ್ಲಿ ಒಂದು ಚಿತ್ರ ಮಾತ್ರ ಬಹಳ ಕಾಲದಿಂದ ಇರಲಿಲ್ಲ. ಮೂತಿ ಲಾರಿಗಳಲ್ಲೇ ಹಳೆಯ ಬಗೆಯದು: ಮುಂದಿನ ಗಾಜು ಎರಡು ತುಂಡು, ನಡುವೆ ಕಬ್ಬಿಣದ ಪಟ್ಟಿ, ಕೆಳಗೆ ಅಡ್ಡಪಟ್ಟಿಗಳ ಜಾಲರಿ. ಸಿಕ್ಕಿದ ಲಾರಿಗಳಲ್ಲೆಲ್ಲ ಆ ಜಾಲರಿ ಯಾವಾಗಲೋ ಮುರಿದು, ಅದರ ಜಾಗದಲ್ಲಿ ಬೇರೆ ಯಾವುದೋ ತಗಡು ಕೂತಿರುತ್ತಿತ್ತು. ಕಾರ್ಖಾನೆಯಿಂದ ಬಂದಾಗಿನ ಜಾಲರಿಯೇ ಇರುವ ಒಂದು ಲಾರಿ ಇಂದಾಪುರದಲ್ಲಿದೆ ಎಂದು ಅಪ್ಪನಿಗೆ ಗೊತ್ತಾಯಿತು. ಅದರ ಮಾಲಕರು ವಿಜಯಪುರದ ಕಡೆಯಿಂದ ಬಂದು ಅಲ್ಲೇ ನೆಲೆಸಿದವರು, ಅಪ್ಪನ ಹಳೆಯ ಪರಿಚಯ. ಆದರೆ ಲಾರಿ ಲಾತೂರಿನವರಿಗೆ ಮಾರಾಟವಾಗಿತ್ತು. ಬರುವ ಭಾನುವಾರ ಅವರ ಚಾಲಕ ಬಂದು ಒಯ್ಯುವವನಿದ್ದ.

“ನನ್ನ ಮಗಳು ಫೋಟೋ ತಗೀಲಿಕ್ಕೆ ಬರ್ತಾಳ್ರಿ ಮಾಲಕ್ರ,” ಎಂದು ಅಪ್ಪ ಫೋನಿನಲ್ಲಿ ಹೇಳಿದರು. ಅಷ್ಟೇ ಹೇಳಿದರು. ಮುಂದಿನದೆಲ್ಲ ಆದದ್ದು ಆ ಒಂದು ಮಾತಿನಿಂದಲೇ.

ಭಾನುವಾರ ನಾವಿಬ್ಬರೂ ಬಸ್ಸಿಳಿದು ಅವರ ಮನೆ ಮುಟ್ಟಿದಾಗ ಲಾರಿ ಅಂಗಳದಲ್ಲಿ ಮದುಮಗಳಂತೆ ನಿಂತಿತ್ತು. ಮೈ ತೊಳೆದು ಒರೆಸಿದ್ದರು. ಎರಡೂ ಬದಿಗೆ ಬಾಳೆಗಿಡ ಕಟ್ಟಿದ್ದರು. ಮೂತಿಯ ಮೇಲೆ ಹಸಿರು ಖಣದ ರವಿಕೆ ಬಟ್ಟೆ. ಮುಂದೆ, ಒಂದು ದೀಪದಿಂದ ಇನ್ನೊಂದು ದೀಪದವರೆಗೆ, ನನ್ನ ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರ. ಜಾಲರಿಯ ಒಂದು ಪಟ್ಟಿಯೂ ಕಾಣುತ್ತಿರಲಿಲ್ಲ.

“ಹೆಂಗ ಕಾಣಸ್ತದ ತಂಗಿ?” ಮಾಲಕರು ಕೇಳಿದರು. “ಪುಣೆದಿಂದ ಫೋಟೋ ತಗ್ಯಾಕ ಬರ್ತಾರಂದ್ರ ಸುಮ್ಮ ನಿಲ್ಲಸಲಿಕ್ಕೆ ಬರ್ತದೇನು?”

“ಭಾಳ ಛಂದ ಅದರಿ ಕಾಕಾ,” ಎಂದೆ. ಲಾರಿಯನ್ನು ಒಂದು ಸುತ್ತು ಹಾಕಿ ಬಂದು, “ಹಾರ ಒಂದೀಟು ಸರಸಬಹುದೇನ್ರಿ?” ಎಂದು ಕೇಳಿದೆ.

ಅವರ ಮುಖ ಗಂಭೀರವಾಯಿತು. “ಪೂಜಾ ಆಗೇದವಾ. ನಮ್ಮ ಕೈಯಿಂದ ಹಾಕಿದ್ದನ್ನ ನಮ್ಮ ಕೈಯಿಂದ ಇವತ್ತ ತಗ್ಯಾಂಗಿಲ್ಲ. ಮನಿ ಬಿಟ್ಟು ಹೋಗೂದು ಅದು.”

ಅವರ ಹೆಂಡತಿ ಚಹಾದ ತಟ್ಟೆ ಹಿಡಿದು ಬಂದರು. “ಮಗಳನ್ನ ಕಳಸೂವಾಗ ಬರೆ ಹಣಿಲೆ ಕಳಸ್ತಾರೇನ ಯವ್ವಾ?”

“ಇಕಿಗೇನ ಗೊತ್ತರಿ ಅಕ್ಕಾರ,” ಅಪ್ಪ ನಕ್ಕರು. “ಹುಡುಗನ ಫೋಟೋ ನೋಡವಾ ಅಂದ್ರ ನೋಡೂದಿಲ್ಲ. ಲಾರಿ ಫೋಟೋಕ್ಕ ಇಂದಾಪುರತನಕ ಬರ್ತಾಳ.”

“ಲಾರಿ ಎದುರು ಮಾತಾಡೂದಿಲ್ಲಲ್ಲ, ಅದಕ್ಕ,” ಎಂದರು ಆಕೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದು ನಿಜವಾಗಿತ್ತು.

ಆಮೇಲೆ ಮನೆಯವರೆಲ್ಲ ಲಾರಿಯ ಮುಂದೆ ಸಾಲಾಗಿ ನಿಂತರು. ಅಪ್ಪನನ್ನೂ ಎಳೆದು ನಿಲ್ಲಿಸಿಕೊಂಡರು. ನನ್ನ ನಿಯಮಗಳೆಲ್ಲ ಒಂದೇ ಚೌಕಟ್ಟಿನಲ್ಲಿ ಮುರಿದವು. ನಾನು ಎಚ್ಚರದಿಂದ, ಯಾರೂ ಕಣ್ಣು ಮುಚ್ಚದಂತೆ ನೋಡಿಕೊಂಡು ಚಿತ್ರ ತೆಗೆದೆ. ಹೂವು ತಾನಾಗಿ ಜಾರಬಹುದೇನೋ ಎಂದು ನಡುನಡುವೆ ನೋಡುತ್ತಿದ್ದೆ. ಅದನ್ನು ಕಟ್ಟಿದವರು ಗಟ್ಟಿಯಾಗಿಯೇ ಕಟ್ಟಿದ್ದರು.

ಲಾತೂರಿನ ಚಾಲಕ ಊಟ ಮುಗಿಸಿ ಬಂದ. ಮಾಲಕರ ಹೆಂಡತಿ ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು. ಮಾಲಕರು ಮೂತಿಯ ಮೇಲೆ ಅಂಗೈ ಊರಿ ನಿಂತರು. ಆ ಹೊತ್ತಿನಲ್ಲಿ ಹಾರದ ಮಾತು ಮತ್ತೆ ಎತ್ತುವ ಮನಸ್ಸಾಗಲಿಲ್ಲ. ಸಿಗದಿದ್ದರೆ ಸಿಗದಿರಲಿ ಎಂದು ಕ್ಯಾಮೆರಾ ಚೀಲಕ್ಕೆ ಹಾಕಿದೆ. ನಮ್ಮನ್ನು ಬಸ್ ನಿಲ್ದಾಣದವರೆಗೆ ಬಿಡು ಎಂದು ಅಪ್ಪ ಚಾಲಕನಿಗೆ ಮರಾಠಿಯಲ್ಲಿ ಹೇಳಿದರು. ಹೀಗೆ ನಾನು ಮೊದಲ ಸಲ ಒಂದು ಮೂತಿ ಲಾರಿಯ ಒಳಗೆ ಕೂತೆ. ಒಳಗಿನಿಂದ ನೋಡಿದರೆ ಆ ಮೂತಿ ಅಂದುಕೊಂಡದ್ದಕ್ಕಿಂತ ಉದ್ದವಿತ್ತು, ದಾರಿ ಅದರ ತುದಿಯಿಂದಲೇ ಹುಟ್ಟುವಂತೆ ಕಾಣುತ್ತಿತ್ತು. ಪಾದದ ಕೆಳಗಿನ ತಗಡು ಬಿಸಿಯಾಗುತ್ತಿತ್ತು.

ಹೆದ್ದಾರಿ ಸೇರುವ ಮೊದಲೇ ಚಾಲಕ ಗಾಡಿಯನ್ನು ಬದಿಗೆ ನಿಲ್ಲಿಸಿದ. ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಮೇಲೇರಿತ್ತು. ಹಾರ ಜಾಲರಿಯನ್ನು ಮುಚ್ಚಿದೆ, ರೇಡಿಯೇಟರಿಗೆ ಗಾಳಿ ಹೋಗುತ್ತಿಲ್ಲ ಎಂದು ಅಪ್ಪನಿಗೆ ಹೇಳುತ್ತಲೇ ಇಳಿದ. ಹೂವಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡ. ಆಮೇಲೆ ಹಾರ ಬಿಚ್ಚಿ, ಹುಲ್ಲಿನ ಹೊರೆಯಂತೆ ಎತ್ತಿ, ಕ್ಯಾಬಿನ್ನಿನ ತಲೆಯ ಮೇಲೆ ಹಾಕಿ ಕಟ್ಟತೊಡಗಿದ.

ಅಪ್ಪ ನನ್ನ ಕಡೆ ನೋಡಿದರು. “ಇಳಿಯವಾ, ಏನ ನೋಡ್ತೀ?”

ನಾನು ಚೀಲದಿಂದ ಕ್ಯಾಮೆರಾ ತೆಗೆದು ಜಿಗಿದೇ ಇಳಿದೆ. ಒಂದು ಪಟ್ಟಿಯೂ ಮುರಿಯದ ಜಾಲರಿ, ಎರಡು ತುಂಡಿನ ಗಾಜು, ಇಳಿಬಿಸಿಲು. ಚಾಲಕ ನನ್ನ ಕ್ಯಾಮೆರಾ ಕಂಡು ಗಂಟು ಬಿಗಿದವನೇ ಪಕ್ಕಕ್ಕೆ ಸರಿದ. “ಘ್ಯಾ ತಾಈ, ಲವಕರ ಕಾಢಾ,” ಎಂದು ಬೇಗ ಮುಗಿಸಲು ಅವಸರಪಡಿಸಿದ. ಬೇಗನೆಯೇ ತೆಗೆದೆ.

ಮರುದಿನ ಮಾಲಕರಿಗೆ ಮನೆಯವರೆಲ್ಲ ಇರುವ, ಹಾರ ಹಾಕಿದ ಚಿತ್ರವನ್ನಷ್ಟೇ ಕಳಿಸಿದೆ. “ಭಾಳ ಛಲೋ ಬಂದದವಾ, ಗ್ವಾಡಿಗಿ ಹಾಕಸ್ತೀನಿ,” ಎಂದು ಅವರ ದನಿಯ ಸಂದೇಶ ಬಂತು. ಬರಿ ಮುಖದ ಚಿತ್ರ ನನ್ನ ಹತ್ತಿರವೇ ಇದೆ.