ಅಡಿವೆಪ್ಪನವರ ಹಟ
ಗೋಕಾಕಿನ ನಮ್ಮ ಆಸ್ಪತ್ರೆಗೆ ಕಂಪ್ಯೂಟರ್ ವ್ಯವಸ್ಥೆ ರೂಪಿಸುವ ಅಡಿವೆಪ್ಪನವರು ನಮಸ್ಕಾರಕ್ಕೂ ‘ಹೆಸರಿಡೂ ಮೊದಲ ಕೂಸಿನ ಹೆಸರು ಏನಂತ ಬರಸಿದ್ರಿ?’ ಎಂದೇ ಉತ್ತರಿಸುತ್ತಾರೆ. ತವರಿನಲ್ಲಿ ಹುಟ್ಟಿದ ಮಗು ನಮ್ಮದೇ ಆಸ್ಪತ್ರೆಯ ಹುಕ್ಕೇರಿ ಶಾಖೆಯಲ್ಲಿ ತಾಯಿಯ ಹೆಸರಿನಿಂದ ಬರೀ ‘ಶೋಭಾಳ ಕೂಸು’, ಗಂಡನ ಊರಿಗೆ ಬಂದಮೇಲೆ ಹೊಸ ಹೆಸರಿನ ಹೊಸ ರೋಗಿ. ಇಬ್ಬರೂ ಒಬ್ಬರೇ ಎಂದು ಎಲ್ಲ ಶಾಖೆಗಳ ಕಂಪ್ಯೂಟರಿಗೂ ಕಲಿಸುವುದೇ ಅವರ ಹಟ. ಮದುವೆಯೂಟದಲ್ಲಿ ಹೋಳಿಗೆ ಆರಿದರೂ ಬಸುರಿಯರಿಗೆ ಅದನ್ನೇ ವಿವರಿಸುತ್ತಾರೆ. ‘ಮುಂದಿನ ವರ್ಷ ನೋಡೂಣು’ ಎಂದ ಆಡಳಿತದವರಿಗೆ ‘ಜ್ವರಕ್ಕೂ ಹಂಗ ಹೇಳ್ರಿ’ ಎಂದವರು. ಮೊನ್ನೆ ನನ್ನ ಮಗನಿಗೆ ಸೂಜಿ ಚುಚ್ಚುವ ಮುಂಚೆ, ಹೆಸರಿಡುವ ಮೊದಲು ಹುಕ್ಕೇರಿಯಲ್ಲಿ, ನನಗೆ ಹೆಸರೂ ತಿಳಿಯದ ಅದೇ ಔಷಧಿಗೆ ಅವನ ಉಸಿರು ಕಟ್ಟಿದ್ದು ಇಲ್ಲಿನ ಪರದೆಯಲ್ಲಿ ಕೆಂಪಾಗಿ ಮೂಡಿತು. ಅಳುತ್ತ ಅಡಿವೆಪ್ಪನವರಿಗೆ ಕೈಮುಗಿದೆ. ಅವರ ಮುಖ ಅರಳಲಿಲ್ಲ. ‘ಮೂಡಲಗಿ ಶಾಖೆಗೆ ಹೋಗಿದ್ರ ಇದು ಕಾಣ್ತಿರಲಿಲ್ಲ ತಂಗಿ, ಅಲ್ಲಿನ ಕಂಪ್ಯೂಟರ್ ಇನ್ನೂ ಜೋಡಿಸಿಲ್ಲ’ ಎಂದವರೇ ಚೀಲ ಹೆಗಲಿಗೇರಿಸಿ ಮೂಡಲಗಿ ಬಸ್ಸು ಹತ್ತಿದರು.